ಕಟಕಟೆಯಲ್ಲಿ ನಾನು ಹೇಳದ ಹೆಸರು

ಏನಂದ್ರೆ,

ಇವತ್ತು ಅರಸೀಕೆರೆ ಕೋರ್ಟಿಗೆ ಹೋಗಿದ್ದೆ. ನೀವು ತೀರಿಕೊಂಡ ಮೇಲೆ, ಕಣಕಟ್ಟೆ ತೋಟದಲ್ಲಿ ನನಗೆ ಹಕ್ಕಿಲ್ಲವೆಂದು ನಿಮ್ಮಣ್ಣ ದಾವೆ ಹೂಡಿದ್ದಾರೆ. ತಾಳಿ ಕಟ್ಟಿಸಿಕೊಳ್ಳದವಳು ಹೆಂಡತಿಯೇ ಅಲ್ಲವಂತೆ. ಕೊಬ್ಬರಿ ಮಾರಿದ ಮೇಲೆ ಕಟ್ಟುತ್ತೇನೆ ಎನ್ನುತ್ತಿದ್ದಿರಿ. ಪ್ರತಿ ವರ್ಷವೂ ಕೊಬ್ಬರಿ ಮಾರಿದೆವು.

"ಗಂಡಹೆಂಡಿರಾಗಿ ಬಹುಕಾಲ ಬಾಳಿದ್ದನ್ನು ಊರು ಒಪ್ಪಿದ್ದರೆ ಕಾನೂನೂ ಸಾಮಾನ್ಯವಾಗಿ ಮದುವೆಯೆಂದೇ ತಿಳಿಯುತ್ತೆ, ಧೈರ್ಯವಾಗಿರಿ" ಎಂದು ನಮ್ಮ ವಕೀಲರು ಹೇಳಿದ್ದರು.

ಕಟಕಟೆ ಹತ್ತಿದೆ. ಅವರ ಕಡೆಯ ವಕೀಲ, "ಗಂಡನ ಹೆಸರೇನಮ್ಮ?" ಎಂದ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರಲ್ಲ ನಮ್ಮಲ್ಲಿ. ಇನ್ನು ಕಡಿಮೆಯಾಗುವುದಕ್ಕೆ ಏನುಳಿದಿದೆ? ಆದರೂ ಬಾಯಿ ಬರಲಿಲ್ಲ.

"ನೋಡಿ ಸ್ವಾಮಿ, ಗಂಡನ ಹೆಸರೇ ಗೊತ್ತಿಲ್ಲ!" ಆತ ನಕ್ಕುಬಿಟ್ಟ.

ನಿಮ್ಮಣ್ಣನ ಪಕ್ಕದಲ್ಲಿ ಕೂತಿದ್ದ ನಿಮ್ಮ ಅತ್ತಿಗೆ ವೆಂಕಟಲಕ್ಷ್ಮಮ್ಮ ತಡೆಯಲಾರದೆ ಎದ್ದರು. "ಕಟ್ಕೊಂಡ ಗಂಡನ ಹೆಸ್ರನ್ನ ಯಾವ ಹೆಂಗ್ಸು ಹೇಳ್ತಾಳೆ ಸ್ವಾಮಿ? ನಾನೂ ಹೇಳಾಕಿಲ್ಲ, ನನ್ ವಾರಗಿತ್ತೀನೂ ಹೇಳಾಕಿಲ್ಲ!"

ವಾರಗಿತ್ತಿ! ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕರೆದದ್ದು ಇದೇ ಮೊದಲು. ನಿಮ್ಮಣ್ಣ ತಲೆ ತಗ್ಗಿಸಿದರು. ಜಡ್ಜ್ ಸಾಹೇಬರು, "ಇವರನ್ನೂ ಸಾಕ್ಷಿಗೆ ಕರೆಸಿ" ಎಂದರು.

ತೀರ್ಪು ಇನ್ನೂ ಬಂದಿಲ್ಲ. ಆದರೆ ಊರಿಗೆ ಬರುವಾಗ ಬಸ್ಸಿನಲ್ಲಿ ನಿಮ್ಮ ಅತ್ತಿಗೆ, ಇನ್ನು ನನಗೆ ಅಕ್ಕ, ನನ್ನ ಪಕ್ಕದಲ್ಲೇ ಕೂತರು.

ಈ ಕಾಗದದ ಮೇಲೂ ನಿಮ್ಮ ಹೆಸರು ಬರೆದಿಲ್ಲ. ಯಾರಿಗೆ ಬರೆದದ್ದು ಎಂದು ಯಾರಾದರೂ ಕೇಳಿದರೆ ಅಕ್ಕ ಹೇಳುತ್ತಾರೆ, ಬಿಡಿ.