ಸ್ಟೇಜ್ ಹಲಗೆಯ ಮೇಲೆ ಹೂವಮ್ಮ

ಫೆಬ್ರವರಿ 9, 2025, ಭಾನುವಾರ. ಸಾಗರ

ಸ್ಪೀಕರ್ ಪೆಟ್ಟಿಗೆಗೆ ಒಂದು ಲಕ್ಷ ನಲವತ್ತೆರಡು ಸಾವಿರ. ಅದರ ಅಡಿಗೆ ಹಾಕುವ ರಬ್ಬರ್ ಪಾದಕ್ಕೆ ಆರು ಸಾವಿರ. ತೀರ್ಥಹಳ್ಳಿಗೆ ಎರಡು ಸಲದ ಡೀಸೆಲ್, ಹೊಸನಗರದಲ್ಲಿ ಊಟ — ಬರೆಯುವಷ್ಟಲ್ಲ, ಆದರೂ ಬರೆದೆ. ಮೈಕ್‌ಸೆಟ್ ಬಾಡಿಗೆಗೆ ಕೊಟ್ಟು ಮೇಲೆ ಬಂದವನು ನಾನು. ನನ್ನ ಮನೆಗೆಂದು ಸೌಂಡ್ ಕೊಂಡದ್ದು ಇದೇ ಮೊದಲು.

ತೀರ್ಥಹಳ್ಳಿಯ ಹೇರಂಬರ ಸ್ಪೀಕರ್ ಅಂಗಡಿ ಮಹಡಿ ಮೇಲೆ. ಹಳೇ ಕಟ್ಟಡ, ಹಲಗೆ ನೆಲ. ಎರಡು ಸಬ್‌ವೂಫರ್ ತೋರಿಸಿದರು, ಬರೀ ತಗ್ಗಿನ ಗುಡುಗು ದನಿಗೆಂದೇ ಮಾಡಿದ ಪೆಟ್ಟಿಗೆ. ಒಂದು ಪೂರ್ತಿ ಮುಚ್ಚಿದ್ದು — ಸಂಗೀತಕ್ಕೆ ಅಚ್ಚುಕಟ್ಟಂತೆ. ಇನ್ನೊಂದಕ್ಕೆ ಮುಂದೆ ಗಾಳಿಕಂಡಿ. ಸಿನಿಮಾಕ್ಕೆ, ಗೇಮಿಗೆ ದನಿ ಇನ್ನೂ ಕೆಳಗಿಳಿಯುತ್ತದಂತೆ.

“ನಿಮಗೆ ಎಂತಕ್ಕೆ ಬೇಕು ಜಯಪ್ಪನವರೇ?”

“ಮೂರಕ್ಕೂ.”

ಚಪ್ಪಲಿ ಬಿಟ್ಟು, ಅಂಗಾಲು ಊರಿ ಕೂತೆ. ಹೇರಂಬ ನಕ್ಕರು. “ಕಿವಿಯಲ್ಲಿ ಕೇಳಿ ಮಾರಾಯ್ರೇ. ಕಾಲಲ್ಲಿ ಎಂತ ನೋಡ್ತೀರಿ?”

ಹೇಳಲಿಲ್ಲ. ಇಲ್ಲಿ ಬರೆಯಬಹುದು. ನನ್ನ ಹೆಂಡತಿ ಹೂವಮ್ಮನ ಜೀವ ಉಳಿಸಿದ ಇಂಜೆಕ್ಷನ್ನೇ ಅವಳ ಕಿವಿ ತೆಗೆದುಕೊಂಡು ಹೋಯಿತು. ಕಿವಿಯ ಮೆಷಿನ್ನಿಂದಲೂ ಪ್ರಯೋಜನವಿಲ್ಲ ಎಂದರು ಡಾಕ್ಟರು. ಮದುವೆ ಮನೆಯವರು ಹಸೆ ಹಾಡಿಗೆ ಕರೆಸಿಕೊಳ್ಳುತ್ತಿದ್ದ ಹೆಂಗಸು. ಆಮೇಲೆ ಹಾಡಿಲ್ಲ. ಮಾತೂ ಅಷ್ಟಕ್ಕಷ್ಟೆ. ನಾನೂ ಮಗಳು ಲಿಖಿತಾಳೂ ಟಿವಿ ಹಾಕಿದರೆ ಎದ್ದು ಒಳಗೆ ಹೋಗುತ್ತಾಳೆ. ಕಿವಿಗಿಲ್ಲದ್ದು ಅಂಗಾಲಿಗಾದರೂ ಸಿಕ್ಕಿ, ನಮ್ಮ ಜೊತೆ ಕೂರಬೇಕು. ಅಷ್ಟಕ್ಕೇ ಈ ಪೆಟ್ಟಿಗೆ.

ಗಾಳಿಕಂಡಿಯದ್ದಕ್ಕೆ ಅಂಗಾಲು ಜುಮ್ಮೆಂದಿತು. ಅದನ್ನೇ ಹೇಳಿ ಬಂದೆ.

ಫೆ. 15, ಸಂಜೆ

ಪೆಟ್ಟಿಗೆ ಬಂತು. ರಬ್ಬರ್ ಪಾದ ಹಾಕಿ ಟಿವಿ ಪಕ್ಕ ಕೂರಿಸಿದೆ. ಅಡಿಗೆ ಮೆತ್ತಗಿನದೇನೂ ಹಾಕದೆ ನಾನು ಯಾವತ್ತೂ ಸೌಂಡ್ ಶುರು ಮಾಡಿದವನಲ್ಲ. ಗೋಣಿ, ಹಳೇ ಟಯರು, ಏನು ಸಿಕ್ಕಿತೋ ಅದು. ಸ್ಟೇಜ್ ನಡುಗಿದರೆ ಮೈಕ್ ಕೂಗುತ್ತದೆ.

ಯುದ್ಧದ ಸಿನಿಮಾ ಹಾಕಿದೆ. ಪಕ್ಕದ ಮನೆಯವರಿಗೆ ಹೆದರಿ ವಾಲ್ಯೂಮ್ ಅರ್ಧಕ್ಕೇ. ಹೂವಮ್ಮನನ್ನು ಕರೆದು ಕೂರಿಸಿದೆವು, ಟೈಲ್ಸ್ ಮೇಲೆ ಬರಿಗಾಲು. ನಾನು ಅವಳ ಕಾಲು ನೋಡುತ್ತಿದ್ದೆ. ಅವಳು ನನ್ನ ಮುಖ.

“ಹಾಕಿದ್ರಾ?” ಎಂದಳು.

ಹಾಕಿ ಎಷ್ಟೋ ಹೊತ್ತಾಗಿತ್ತು. ಚಾ ಲೋಟ ತೆಗೆದುಕೊಂಡು ಒಳಗೆ ಹೋದಳು. ಹೇರಂಬರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿ ಇಲ್ಲ. ಪೆಟ್ಟಿಗೆ ಚೆನ್ನಾಗಿದೆ.

ಫೆ. 16

ಲಿಖಿತಾ ಬೆಳಿಗ್ಗೆಯೇ ತಪ್ಪು ಹಿಡಿದಳು. “ಅಪ್ಪಾ, ನೆಲ ಶೇಕ್ ಆಗ್ಬಾರ್ದು ಅಂತಾನೇ ಈ ರಬ್ಬರ್ ಮಾಡಿರೋದು. ನಮಗೆ ಬೇಕಾಗಿರೋದೇ ಶೇಕ್. ಕಾಸು ಕೊಟ್ಟು ಅದನ್ನ ತಡೆಯೋದನ್ನೇ ತಂದಿದೀರಲ್ಲ.”

ಕೈ ರೂಢಿ. ತಲೆಯನ್ನು ಕೇಳಲೇ ಇಲ್ಲ ಅದು.

ರಬ್ಬರ್ ಕಿತ್ತೆ. ಆದರೂ ಟೈಲ್ಸ್ ಅಡಿಗೆ ಗಟ್ಟಿ ಮಣ್ಣು, ನಡುಗುವುದಿಲ್ಲ... ಹೇರಂಬರಲ್ಲಿ ಇದ್ದದ್ದು ಹಲಗೆ. ಗೋಡೌನ್‌ನಿಂದ ಸ್ಟೇಜ್ ಹಲಗೆ ಒಂದು ತರಿಸಿದೆ. ಒಂದು ತುದಿಗೆ ಪೆಟ್ಟಿಗೆ, ಇನ್ನೊಂದು ತುದಿಗೆ ಹೂವಮ್ಮನ ಕುರ್ಚಿ. ಹೊಸ ಸೋಫಾ ಮೂಲೆಗೆ. ಮನೆಯೊಳಗೇ ಆರತಕ್ಷತೆ ಇಟ್ಟುಕೊಂಡ ಹಾಗೆ ಕಾಣುತ್ತದೆ. ಇರಲಿ.

ಲಿಖಿತಾ ಗೇಮ್ ಹಾಕಿದಳು. ಕತ್ತಲೆಯ ಓಣಿ, ಹಿಂದಿನಿಂದ ಯಾರದೋ ಭಾರದ ಹೆಜ್ಜೆ. ಪರದೆಯಲ್ಲಿ ಇನ್ನೂ ಯಾರೂ ಇಲ್ಲ. ಹೂವಮ್ಮ ತಟ್ಟನೆ ನಮ್ಮ ಬಾಗಿಲ ಕಡೆ ತಿರುಗಿದಳು.

“ಯಾರೋ ಬಂದ್ರು ನೋಡ್ರಿ.”

ಲಿಖಿತಾ ಆಟ ಅಲ್ಲೇ ಬಿಟ್ಟು ಬಚ್ಚಲಿಗೆ ಹೋದಳು, ಮುಖ ತೊಳೆಯಲು. ನಾನು ಬಾಗಿಲು ತೆಗೆದು ನೋಡಿದೆ. ಯಾರೂ ಇಲ್ಲವೆಂದು ಗೊತ್ತಿದ್ದೂ.

ಫೆ. 23

ವಾರವಿಡೀ ಡೊಳ್ಳಿನ ರೆಕಾರ್ಡಿಂಗ್. ಕಾಲಲ್ಲೇ ತಾಳ ಹಿಡಿಯುತ್ತಾಳೆ. ಆಸೆ ದೊಡ್ಡದಾಯಿತು ನನಗೆ. ಹಳೇ ಮದುವೆಯೊಂದರ ವೀಡಿಯೋ ಇತ್ತು — ಹೂವಮ್ಮನ ಹಸೆ ಹಾಡು, ನನ್ನದೇ ಮೈಕ್. ಹಾಕಿದೆ.

ಪರದೆಯಲ್ಲಿ ತನ್ನ ಬಾಯಿ ನೋಡಿದಳು. ಹಾಡು ಯಾವುದೆಂದು ತಿಳಿಯಿತು. ಅಂಗಾಲು ಹಲಗೆಗೆ ಒತ್ತಿದಳು. ಬಗ್ಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಕಾದಳು...

ಹೆಂಗಸಿನ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಅದೆಲ್ಲ ಈ ಪೆಟ್ಟಿಗೆಗೆ ಬಾರದೆ ಟಿವಿಯ ಸಣ್ಣ ಸ್ಪೀಕರಿಗೆ ಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಇದ್ರೊಳಗೆ ನಾನಿಲ್ಲ ಅಲ್ಲನ್ರಿ?”

ಇಲ್ಲವೆಂದು ತಲೆಯಾಡಿಸಿದೆ. ಮೆಲ್ಲಗೆ ಕೈ ತೆಗೆದಳು.

ಮಾರ್ಚ್ 2, ಮಧ್ಯಾಹ್ನ

ಈ ವಾರ ಏನೂ ಬರೆಯಲಿಲ್ಲ. ಪೆಟ್ಟಿಗೆ ಬಂದ್ ಇತ್ತು.

ಇವತ್ತು ಊಟವಾದ ಮೇಲೆ ತಾನೇ ಹೋಗಿ ಕುರ್ಚಿಯಲ್ಲಿ ಕೂತಳು. “ಡೊಳ್ಳು ಹಾಕ್ರಿ.” ಹಾಕಿದೆ. ಸ್ವಲ್ಪ ಹೊತ್ತು ಕಾಲು ಕುಟ್ಟಿದಳು. ಆಮೇಲೆ ಶುರು ಮಾಡಿದಳು. ಅದೇ ಹಸೆ ಹಾಡು. ತಾಳ ಎಲ್ಲೂ ತಪ್ಪಲಿಲ್ಲ. ಶ್ರುತಿ ಬೇರೆಲ್ಲೋ ಹೋಗಿತ್ತು. ಇನ್ಯಾರಾದರೂ ಆಗಿದ್ದರೆ ಮಿಕ್ಸರ್‌ನಲ್ಲಿ ದನಿ ಇಳಿಸಿಬಿಡುತ್ತಿದ್ದೆ.

ಮುಗಿಸಿ ನನ್ನ ಬಾಯಿಯನ್ನೇ ನೋಡಿದಳು. “ಸರಿ ಬಂತಾ?”

“ಬಂತು” ಎಂದೆ. ಅವಳಿಗೆ ಕಾಣುವ ಹಾಗೆ, ಬಾಯಿ ಬಿಡಿಸಿ.

ಹೇರಂಬರಿಗೆ ಒಳ್ಳೇ ವ್ಯಾಪಾರ. ಲಿಖಿತಾಗೆ ಗೇಮ್. ಪಕ್ಕದ ಮನೆಯವರಿಗೆ ಮಧ್ಯಾಹ್ನದ ನಿದ್ದೆ ಹೋಯಿತು. ಹೂವಮ್ಮನಿಗೆ ಡೊಳ್ಳು, ತನ್ನ ದನಿ ಇಲ್ಲ. ನನಗೆ ಅವಳ ದನಿ, ಹೇಗಿದೆಯೋ ಹಾಗೆ. ಅದನ್ನು ಲಾಭದ ಕಡೆ ಬರೆಯಬೇಕೋ ನಷ್ಟದ ಕಡೆಗೋ — ಮತ್ತೆ ಶುರು ಮಾಡಿದಳು, ಎದುರಿಗೆ ಹೋಗಿ ಕೂರಬೇಕು...