ತೊಳೆದ ನಾಣ್ಯದ ತಾವರೆ

ಹನುಮಂತನಪಟ್ಟಿ
ವಿಜಯ ವರ್ಷ, ಆವಣಿ ಹನ್ನೆರಡು, ಭಾನುವಾರ
(ಇಂಗ್ಲಿಷರ ಲೆಕ್ಕಕ್ಕೆ 1893 ಆಗಸ್ಟ್ 27)

ಮಗ ಕಾಳಿಮುತ್ತುವಿಗೆ, ಅಪ್ಪ ಪೆರುಮಾಳ್ ಮನಸಾರೆ ಹರಸಿ ಬರೆಯುವುದು.

ಮೈ ಹೇಗಿದೆ ಮಗನೇ? ಮಲೆಯ ಮೇಲೆ ಮತ್ತೆ ಜ್ವರ ಎದ್ದಿದೆ ಎಂದು ಕೆಳಗಿಳಿದು ಬಂದ ಗಾಡಿಯವರು ಹೇಳಿದರು. ನಾನು ಪೂರ್ತಿ ನಂಬಲಿಲ್ಲ, ಬಾಡಿಗೆ ಏರಿಸಲು ಗಾಡಿಯವರು ಏನು ಬೇಕಾದರೂ ಹೇಳುತ್ತಾರೆ. ಆದರೂ ಕಾಯಿಸಿದ ನೀರನ್ನೇ ಕುಡಿ, ಮೆಣಸಿನ ಕಷಾಯ ಬಿಡಬೇಡ. ಅಣೆಕಟ್ಟೆಗೆ ಸುಣ್ಣದ ಕಲ್ಲು ಎಳೆಯುವ ಎತ್ತುಗಳಿಗೆ ಹುರುಳಿ ತಪ್ಪಿಸಬೇಡ. ಎಡಗಡೆಯ ಎತ್ತಿನ ಗೊರಸು ನೋಡುತ್ತಿರು. ಅದನ್ನು ಮಾರಿದವನ ಮುಖ ನನಗೆ ಅಂದೇ ಹಿಡಿಸಿರಲಿಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ಅತ್ತೆ ಪಾಂಡಿಯಮ್ಮಾಳ್ ಕೂಡ ಚೆನ್ನಾಗಿದ್ದಾಳೆ, ನನ್ನ ಈ ತಂಗಿಗೆ ಮಂಡಿ ನೋವಿದ್ದರೂ ಬಾಯಿಗೆ ಯಾವ ನೋವೂ ಇಲ್ಲ. ಈ ಕಾಗದವನ್ನು ನಮ್ಮ ಕನ್ನಡದ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ತಮಿಳಿನಲ್ಲಿ ಬರೆದರೆ ನಿನ್ನ ಕೈ ಸೇರುವುದರೊಳಗೆ ದಾರಿಯಲ್ಲಿ ಹತ್ತು ಜನ ಓದುತ್ತಾರೆ. ಕಂಬಳಿ ಮಾರಲು ಬರುತ್ತಿದ್ದ ಮೈಸೂರು ಕಡೆಯ ಮುದುಕ ನನಗೆ ಕಲಿಸಿದ, ನಾನು ನಿನಗೆ ಕಲಿಸಿದೆ. ಈ ಊರಿನಲ್ಲಿ ಮೂರನೆಯವರಿಗೆ ಈ ಬರಹ ಬಾರದು, ಅದೊಂದು ನೆಮ್ಮದಿ.

ನಮ್ಮ ದೇವರ ಬುಟ್ಟಿಯ ಬೆಳ್ಳಿ ನಾಣ್ಯದ ವಿಷಯ ಬರೆಯಬೇಕಾಗಿದೆ. ನನ್ನ ಮುತ್ತಾತ ಆರ್ಕಾಟು ಕಡೆ ಜೋಡಿ ಹೋರಿ ಮಾರಿ ತಂದ ನಾಣ್ಯ ಅದು. ಪ್ರತಿ ಶುಕ್ರವಾರ ಮನೆಯ ಮುತ್ತೈದೆ ಅದರ ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಡುತ್ತಾಳೆ, ಹಳೆಯದರ ಮೇಲೆ ಹೊಸದು. ತೊಳೆಯುವ ವಾಡಿಕೆ ನಮ್ಮಲ್ಲಿಲ್ಲ. ನಿನ್ನ ಅಮ್ಮ ರಾಜಮ್ಮಾಳ್ ಹೋದ ಮೇಲೆ ಎರಡು ವರ್ಷ ಬುಟ್ಟಿ ಮುಚ್ಚಿಯೇ ಇತ್ತು. ಈ ವೈಕಾಸಿ ತಿಂಗಳಲ್ಲಿ ನಿನ್ನ ಮದುವೆಯಾಯಿತು, ಓಚ್ಚಮ್ಮಾಳ್ ಬಂದಳು, ಬುಟ್ಟಿ ಅವಳ ಕೈ ಸೇರಿತು. ನೀನು ಗಾಡಿ ಹೂಡಿ ಮಲೆ ಹತ್ತಿದ ವಾರವೇ ಅವಳು ದೇವರ ಸಾಮಾನನ್ನೆಲ್ಲ ಹುಣಿಸೆಹಣ್ಣು, ಬೂದಿ ಹಾಕಿ ಬೆಳಗಿದಳು. ಆಡಿ ತಿಂಗಳು ಹುಟ್ಟುವ ಮುನ್ನ ಹಾಗೆ ಬೆಳಗುವುದು ಅವಳ ತವರೂರು ತೇವಾರದಲ್ಲಿ ವಾಡಿಕೆಯಂತೆ. ನಾಣ್ಯವನ್ನೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ನಾನು ಕೈ ಮುಗಿಯಲು ಹೋದರೆ, ಬುಟ್ಟಿಯಲ್ಲಿದ್ದ ನಾಣ್ಯದ ನಡುವೆ ಏನೂ ಇರಲಿಲ್ಲ. ಅಂಚಿನಲ್ಲಿ ತುರುಕರ ಅಕ್ಷರ, ನಡುವೆ ಬೋಳು.

ನಮ್ಮ ನಾಣ್ಯದ ನಡುವೆ ತಾವರೆ ಇತ್ತು ಕಾಳಿಮುತ್ತು. ಚಿಕ್ಕಂದಿನಲ್ಲಿ ನನ್ನ ಅಮ್ಮನ ಪಕ್ಕ ಕೂತು ಅದನ್ನು ಬೆರಳಿನಿಂದ ಸವರಿದ್ದೇನೆ, ಐದು ಎಸಳಿನ ತಾವರೆ. ಅದು ಎಲ್ಲಿ ಹೋಯಿತು? ನನ್ನ ಮನಸ್ಸು ಎತ್ತ ಓಡಿತೆಂದು ನಿನಗೆ ಹೇಳಬೇಕಾಗಿಲ್ಲ. ಪಾಂಡಿಯಮ್ಮಾಳ್ ಬೇರೆ ಕಿವಿಯ ಬಳಿ ಬಂದು, “ಅಣ್ಣಾ, ಅವ್ಳ ತಮ್ಮ ವೇಲುಸಾಮಿ ಬಂದು ಹೋದ್ನಲ್ಲ, ಸೊಂಟ್ದಾಗೆ ಒಂದು ಗಂಟಿತ್ತು” ಎಂದಳು. ಆ ಗಂಟಿನಲ್ಲಿದ್ದದ್ದು ನಾನೇ ಕೊಟ್ಟ ಸೋರೆ ಬೀಜ. ಕೊಟ್ಟದ್ದು ನೆನಪಿತ್ತು, ಬೀಜದ ಅಡಿಯಲ್ಲಿ ಏನಿತ್ತೋ ಎಂದು ಯೋಚಿಸಿದೆ. ಒಳ್ಳೆಯದನ್ನು ತಮ್ಮನ ಕೈಗೆ ಕೊಟ್ಟು, ಸವೆದ ಬಿಲ್ಲೆಯೊಂದನ್ನು ಬುಟ್ಟಿಯಲ್ಲಿಟ್ಟಿದ್ದಾಳೆ ಎಂದು ತೀರ್ಮಾನ ಮಾಡಿಬಿಟ್ಟೆ. ಉತ್ತಮಪಾಳಯದ ಅಕ್ಕಸಾಲಿಗನೊಬ್ಬ ನಾಣ್ಯವನ್ನು ಒಮ್ಮೆ ನೋಡಿ, ಸವೆದು ಹೋಗಿದೆ, ದರ್ಜೆಯಲ್ಲಿ ಮೂರನೇ ತರ, ಕರಗಿಸಲಷ್ಟೇ ಲಾಯಕ್ಕು ಎಂದ. ನನಗೆ ಅಷ್ಟೇ ಸಾಕಾಯಿತು.

ಈಗ ಬರೆಯುವುದನ್ನು ಕೂತುಕೊಂಡು ಓದು. ಕುಲದವರೆಲ್ಲ ಸೇರಿದ್ದ ದಿನ, ನಾವು ಪೂಜಿಸುವ ದೇವರ ಹೋರಿಯ ಕೊಟ್ಟಿಗೆಯಲ್ಲಿ, ಎಲ್ಲರ ಎದುರಿಗೆ ನಿನ್ನ ಹೆಂಡತಿಯನ್ನು ನಾನು ಕೇಳಿದೆ. ಅವಳು ಅಳಲಿಲ್ಲ. ಹೋರಿಯ ಬೆನ್ನ ಮೇಲೆ ಕೈಯಿಟ್ಟು, “ತೊಳ್ದದ್ದು ನಾನೇ ಮಾಮಾ. ಬದಲಾಯಿಸ್ಲಿಲ್ಲ” ಎಂದಳು. ಹೋರಿ ಮುಟ್ಟಿ ಹೇಳಿದ ಮೇಲೆ ಮತ್ತೆ ಮಾತಿಲ್ಲ, ನಮ್ಮವರಲ್ಲಿ ಅದೇ ಕಡೆಯದು. ಆದರೂ ನಾನು ಒಪ್ಪಲಿಲ್ಲ. ಆಡಿಗೆ ಹೊಸ ಸೊಸೆ ತವರಿಗೆ ಹೋಗುವುದು ಹೇಗೂ ಇದೆಯಲ್ಲ, ಅದೇ ನೆಪದಲ್ಲಿ ಕಳಿಸಿದೆ. ಆಡಿ ಮುಗಿಯಿತು, ಕರೆತರಲು ಗಾಡಿ ಕಳಿಸಲಿಲ್ಲ. ನಿನಗೂ ತಿಳಿಸಲಿಲ್ಲ. ನೀನು ಅವಳ ಪರ ಸೇರುತ್ತೀಯೆಂದು ನಿನ್ನ ಮೇಲೂ ಅನುಮಾನವಿತ್ತು.

ಆದರೆ ಒಂದು ಮಾತು ಒಳಗೆ ಕೊರೆಯುತ್ತಿತ್ತು. ಕಳ್ಳಿಯಾದರೆ ನಾಣ್ಯವನ್ನು ತೊಳೆದು ಬೋಳು ತೋರಿಸುತ್ತಾಳೆಯೇ? ಕುಂಕುಮ ಬಳಿದು ಮುಚ್ಚಿಡುತ್ತಾಳೆ. ಹೊಗೆಸೊಪ್ಪಿನ ಗಾಡಿ ಹತ್ತಿ ದಿಂಡಿಗಲ್ಲಿಗೆ ಹೋದೆ. ಅಲ್ಲಿ ಹಳೆಯ ನಾಣ್ಯ ನೋಡಿ ತರ ಹೇಳುವ ಪಿಚ್ಚೈ ಎಂಬ ಮುದುಕನಿದ್ದಾನೆ. ಅವನೇ ಬದಲಾಯಿಸಿಬಿಟ್ಟರೆ ಎಂದು ನಾಣ್ಯವನ್ನು ಅವನ ಕೈಗೆ ಕೊಡದೆ, ಅಂಚನ್ನು ಹಿಡಿದುಕೊಂಡೇ ತೋರಿಸಿದೆ. ಅವನು ನಕ್ಕು, “ನಿಮ್ಮ ಹೆಬ್ಬೆರಳಿಗೆ ತರ ಹೇಳಬೇಕೋ, ನಾಣ್ಯಕ್ಕೋ?” ಎಂದ. ಆಮೇಲೆ ಕೊಟ್ಟೆ, ಅವನ ಕೈಯಿಂದ ಮಾತ್ರ ಕಣ್ಣು ತೆಗೆಯಲಿಲ್ಲ.

ಅವನು ದೊಡ್ಡದಾಗಿ ಕಾಣಿಸುವ ಗಾಜನ್ನು ನನ್ನ ಕಣ್ಣಿಗೆ ಹಿಡಿದು ಒಂದೊಂದಾಗಿ ತೋರಿಸಿದ. ಉಜ್ಜಿ ಸವೆದ ನಾಣ್ಯವಾದರೆ ಎದ್ದು ನಿಂತದ್ದೆಲ್ಲ ಸವೆಯುತ್ತದೆ, ಅಂಚಿನ ಅಕ್ಷರವೂ ಮೊಂಡಾಗುತ್ತದೆ. ಇದರ ಅಂಚಿನ ಅಕ್ಷರ ಉಗುರಿಗೆ ತಗಲುತ್ತದೆ. ಬೋಳು ಇರುವ ಜಾಗದ ಸರಿ ಬೆನ್ನಿಗೆ, ಆಚೆ ಮುಖದಲ್ಲೂ ಬೋಳು. ಅಲ್ಲಿ ಕೈ ಸವರಿದ ನುಣುಪಿಲ್ಲ, ಎರಕದ ತರಿ ತರಿ ಹಾಗೇ ಇದೆ. ಸುತ್ತಿಗೆಯ ಏಟು ಅಲ್ಲಿ ಸರಿಯಾಗಿ ಬಿದ್ದಿಲ್ಲ, ಅಚ್ಚು ಕೂತಿಲ್ಲ, ಅಷ್ಟೇ. “ಹುಟ್ಟಿನ ಕೊರತೆ ಬೇರೆ, ಬಳಕೆಯ ಸವೆತ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ. ಮುಖ ಅರ್ಧವೇ ಮೂಡಿದೆ, ಆದ್ರೆ ಸವೆತ ನೋಡಿದ್ರೆ ಮೊದಲ್ನೇ ತರ” ಎಂದ. ಅಂದರೆ ಈ ನಾಣ್ಯದ ನಡುವೆ ತಾವರೆ ಎಂದೂ ಇರಲೇ ಇಲ್ಲ.

ಇದು ನಮ್ಮದಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ ಎಂದೆ ನಾನು, ಇನ್ನೂ ಬಿಡದೆ. ಪಿಚ್ಚೈ ಸೂಜಿಯ ಮೊನೆಯಿಂದ ಆ ತರಿಯ ಒಂದು ಕುಳಿಯನ್ನು ಕೆದಕಿದ. ಮೇಲೆ ಹುಣಿಸೆಯ ಹುಳಿ ತಾಗಿ ಹಳದಿಯಾದ ಪುಡಿ, ಅದರ ಕೆಳಗೆ ಎಣ್ಣೆ ಹಿಡಿದು ಕಲ್ಲಾದ ಕಪ್ಪು ಕೆಂಪು. ಎಷ್ಟೋ ತಲೆಮಾರು ಇಲ್ಲಿ ಕುಂಕುಮ ಇಟ್ಟಿದ್ದಾರಲ್ಲ, ಯಾರ ಮನೆಯದು ಎಂದು ಕೇಳಿದ. ಆಗ ನನ್ನ ಅಮ್ಮನ ಬೆರಳು ಕಣ್ಣ ಮುಂದೆ ಬಂತು. ಅವಳು ಐದು ಬೊಟ್ಟು ಸುತ್ತಿ ಇಡುತ್ತಿದ್ದಳು, ನಿನ್ನ ಅಮ್ಮನೂ ಹಾಗೇ. ಶುಕ್ರವಾರದ ಮೇಲೆ ಶುಕ್ರವಾರ ಕೂತು ಕುಂಕುಮವೇ ಎಸಳಾಗಿ ಗಟ್ಟಿಯಾಗಿತ್ತು. ನಾನು ಸವರಿದ್ದು ಅದನ್ನು, ಓಚ್ಚಮ್ಮಾಳ್ ತೊಳೆದಾಗ ಹೋದದ್ದೂ ಅದೇ. ಅರವತ್ತು ವರ್ಷ ಅದನ್ನು ಬೆಳ್ಳಿ ಎಂದುಕೊಂಡೆ. ಪಿಚ್ಚೈಯ ಅಂಗಡಿಯಲ್ಲೇ ಕಣ್ಣು ತುಂಬಿ ಬಂತು, ಹೊಗೆಸೊಪ್ಪಿನ ಘಾಟು ಎಂದು ಅವನಿಗೆ ಸುಳ್ಳು ಹೇಳಿದೆ.

ನಾಣ್ಯ ಈಗ ಬುಟ್ಟಿಯಲ್ಲಿದೆ, ಬೋಳಾಗಿಯೇ ಇದೆ. ಅದಕ್ಕೆ ಬೊಟ್ಟು ಇಡುವವಳು ಮನೆಗೆ ಬರಬೇಕು. ಬರುತ್ತಾಳೆ, ನೀನು ಕೊರಗಬೇಡ. ಪಾಂಡಿಯಮ್ಮಾಳ್ ನಿನ್ನನ್ನು ಕೇಳಿದ್ದಾಳೆ, ಎರಡು ದಿನದಿಂದ ಅವಳೂ ಮಾತು ಕಡಿಮೆ ಮಾಡಿದ್ದಾಳೆ. ಮಲೆಯ ದೇವರು ನಿನ್ನನ್ನೂ ಎತ್ತುಗಳನ್ನೂ ಕಾಯಲಿ, ಕಾಲಿಗೆ ಮುಳ್ಳು ತಾಗದಿರಲಿ.

ನಿನ್ನ ಅಪ್ಪ,
ಪೆರುಮಾಳ್

ಮಡಿಸುವ ಮುಂಚೆ ಇನ್ನೊಂದು. ಬರುತ್ತಾಳೆ ಎಂದು ಮೇಲೆ ಸುಲಭವಾಗಿ ಬರೆದೆ, ಅದು ನಿಜವಲ್ಲ. ನಿನ್ನೆ ನಾನೇ ಗಾಡಿ ಹೂಡಿಕೊಂಡು ತೇವಾರಕ್ಕೆ ಹೋಗಿದ್ದೆ. ಮಜ್ಜಿಗೆ ಕಳಿಸಿದಳು, ತಾನು ಹೊರಗೆ ಬರಲಿಲ್ಲ. ಬಾಗಿಲ ಹಿಂದಿನಿಂದ, “ಎಲ್ಲಿ ಕೇಳಿದ್ರೋ ಅಲ್ಲೇ ಹೇಳ್ಲಿ. ಆಮೇಲೆ ಮನೆಗೆ ಬತ್ತೀನಿ” ಎಂದಳು. ಅವಳು ಕೇಳಿದ್ದು ನ್ಯಾಯ. ಆವಣಿ ಇಪ್ಪತ್ತನಾಲ್ಕು, ಶುಕ್ರವಾರ, ಕುಲದವರನ್ನು ಕೊಟ್ಟಿಗೆಗೆ ಕರೆದಿದ್ದೇನೆ. ಹೋರಿ ಮುಟ್ಟಿದವಳನ್ನು ನಂಬದವನು ನಾನು ಎಂದು ಅದೇ ಹೋರಿಯ ಬೆನ್ನ ಮೇಲೆ ಕೈಯಿಟ್ಟು ಹೇಳಬೇಕು. ಅಷ್ಟರಲ್ಲಿ ಇಳಿದು ಬಾ. ಮನೆಗೆ ಬರಬೇಡ, ಮೊದಲು ತೇವಾರಕ್ಕೆ ಹೋಗಿ ಅವಳನ್ನು ಕರೆದುಕೊಂಡು ಬಾ. ಕೊಟ್ಟಿಗೆಯಲ್ಲಿ ಅವಳ ಪಕ್ಕ ನಿಲ್ಲು, ನನ್ನ ಪಕ್ಕ ಬೇಡ. ನಡುವೆ ನನ್ನ ಬಾಯಿ ಕಟ್ಟಿದರೆ ನೀನು ಮಾತು ಸೇರಿಸಬೇಡ. ಸುಮ್ಮನೆ ಕಾದಿರು, ನಾನೇ ಮುಗಿಸುತ್ತೇನೆ.