ಹಗಲಲ್ಲಿ ಉರಿಯುವ ಲೈಟು

ಸಾ ದೆಕ್,
ಮಂಗಳವಾರ, ನವೆಂಬರ್ ೧೪

ಪ್ರೀತಿಯ ಲಿಯೂ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನೀನು ಕೆಲಸಕ್ಕಿರುವ ಮನೆಯ ಅಜ್ಜಿಯನ್ನು ಹಾಸಿಗೆಯಿಂದ ಎಬ್ಬಿಸುವಾಗ ಸೊಂಟ ಬಗ್ಗಿಸಬೇಡ, ಮಂಡಿ ಮಡಿಸು ಎಂದು ನೂರು ಸಲ ಹೇಳಿದ್ದೇನೆ. ಹತ್ತು ವರ್ಷ ಇಟ್ಟಿಗೆ ಹೊತ್ತು, ಆಮೇಲೆ ಇಟ್ಟಿಗೆ ಲಾರಿ ಓಡಿಸಿದವನ ಮಾತು, ಸ್ವಲ್ಪ ಕಿವಿಗೆ ಹಾಕಿಕೋ. ಇಲ್ಲಿ ಅಪ್ಪ ಮಗಳು ಇಬ್ಬರೂ ಕ್ಷೇಮ. ಕ್ಷೇಮ ಎಂದು ಬರೆದವನು ಎದ್ದು ಎರಡು ಸಲ ಅಂಗಳ ಸುತ್ತಿ ಬಂದು ಮತ್ತೆ ಕೂತಿದ್ದೇನೆ. ದಿನಾ ಫೋನಿನಲ್ಲಿ ಮುಖ ನೋಡಿ ಮಾತಾಡುವವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ನಗುತ್ತೀ. ಫೋನಿನಲ್ಲಿ ಲುವಾ ನನ್ನ ಹೆಗಲಿಗೇ ಅಂಟಿಕೊಂಡಿರುತ್ತಾಳೆ. ನೀನೋ, ನನ್ನ ಮುಖ ಕಂಡರೆ ಸಾಕು, ಹೇಳದ ಮಾತನ್ನೂ ಹೆಕ್ಕಿ ತೆಗೆಯುತ್ತೀ. ಪಕ್ಕದ ಮನೆಯ ಹುಯೆ ರಜೆ ಮುಗಿಸಿ ಇವತ್ತು ಮಧ್ಯಾಹ್ನ ತೈವಾನಿಗೆ ಹೊರಡುತ್ತಾಳೆ. ಅವಳ ಕೈಯಲ್ಲಿ ಈ ಕಾಗದ, ಒಂದು ಪೊಟ್ಟಣ ಒಣಸೀಗಡಿ ಕಳಿಸುತ್ತಿದ್ದೇನೆ. ಸೀಗಡಿ ಅಜ್ಜಿಗೆ ಹಂಚಬೇಡ, ನೀನೇ ತಿನ್ನು. ಸಾಲುಗಳು ಇಳಿಜಾರಿಗೆ ಬಿದ್ದಿವೆ ಎಂದು ಬೈಯಬೇಡ, ಈ ಪೆನ್ನಿನ ಶಾಯಿ ತೀರಾ ತೆಳು.

ಮೊದಲು ನಿನ್ನ ಷರತ್ತಿನ ವಿಷಯ. ಹೋದ ತಿಂಗಳು ಸೇತುವೆಯ ಬಳಿ ಲುವಾಳ ಶಾಲೆಯ ಹುಡುಗಿಯೊಬ್ಬಳಿಗೆ ಲಾರಿ ತಗುಲಿ ಕಾಲು ಮುರಿಯಿತಲ್ಲ, ಸುದ್ದಿ ಕೇಳಿ ನೀನು ಅಲ್ಲಿಂದಲೇ ಕೂಗಾಡಿದೆ. "ಹಟ್ಟಹಗಲಲ್ಲಿ ಕಾಣ್ಲಿಲ್ಲ ಅಂತಾನಲ್ಲ ಆ ಡ್ರೈವರು, ಅವನ ಕಣ್ಣಿಗೇನು ಸಗಣಿ ಮೆತ್ತಿತ್ತಾ?" ಎಂದೆ. ಲುವಾ ಅತ್ತೂ ಅತ್ತೂ ಸೈಕಲ್ಲು ಬಿಡುವುದಿಲ್ಲ ಎಂದು ಹಟ ಹಿಡಿದಾಗ ಕೊನೆಗೆ ಒಪ್ಪಿದೆ. "ರಸ್ತೆ ಮೇಲೆ ನನ್ನ ಮಗಳು ಎಲ್ರಿಗೂ ಕಾಣ್ಬೇಕು. ಅದು ನಿಮ್ಮ ಹೊಣೆ. ಆಗಲ್ಲ ಅಂದ್ರೆ ತೆತ್ ಹಬ್ಬಕ್ಕೆ ನಾನು ಬಂದ ದಿನವೇ ಆ ಸೈಕಲ್ಲನ್ನ ಕಾಲುವೆಗೆ ಎಸೀತೀನಿ" ಎಂದೆ. ಆ ಹೊಣೆಯನ್ನು ಹೇಗೆ ಹೊತ್ತೆ ಎನ್ನುವುದನ್ನೇ ಬರೆಯಲು ಕೂತಿರುವುದು.

ತಾಮ್ ಮಾವನ ಸೈಕಲ್ ಅಂಗಡಿ ನಿನಗೆ ಗೊತ್ತಲ್ಲ, ಮಂಜುಗಡ್ಡೆ ಮಾರುವವಳ ಎದುರಿಗೆ. ಮೊದಲ ಸಲ ಕಪ್ಪೆಯ ಆಕಾರದ ಪುಟ್ಟ ಲೈಟು ತಂದೆ, ಲುವಾಗೆ ಕಪ್ಪೆ ಇಷ್ಟ ಎಂದು. ಬಿಸಿಲಿಗೆ ಹಿಡಿದರೆ ಉರಿಯುತ್ತಿದೆಯೋ ಸತ್ತಿದೆಯೋ ತಿಳಿಯದು. ವಾಪಸು ಕೊಂಡೊಯ್ದಾಗ ತಾಮ್ ಮಾವ ಕನ್ನಡಕ ಹಣೆಗೇರಿಸಿ ಪಾಠ ಶುರುಮಾಡಿದ. "ಲೋ ತ್ವಾನ್, ರಾತ್ರಿ ಲೈಟು ದಾರಿ ನೋಡೋಕೆ. ಹಗಲು ಲೈಟು ನಮ್ಮನ್ನ ಊರಿಗೆ ತೋರ್ಸೋಕೆ. ಎರಡೂ ಒಂದೇ ಅಲ್ಲ ಕಣೋ" ಎಂದ. ಸೂರ್ಯನ ಎದುರು ಮಿಣಮಿಣ ಎನ್ನುವುದು ನಡೆಯುವುದಿಲ್ಲ, ಬೆಳಕು ಚೆಲ್ಲಾಡದೆ ನೇರ ಎದುರಿನವನ ಕಣ್ಣಿಗೆ ಹೊಡೆಯಬೇಕು. ಒಂದೇ ಸಮ ಉರಿದರೆ ಬಿಸಿಲಲ್ಲಿ ಕರಗಿಹೋಗುತ್ತದೆ, ಬಿಟ್ಟುಬಿಟ್ಟು ಮಿನುಗಬೇಕು. ಮುಂದೆ ಬಿಳಿ, ಹಿಂದೆ ಕೆಂಪು. ಇಷ್ಟು ಹೇಳಿ ಎರಡನೆಯದನ್ನು ಕೊಟ್ಟ. ಅದನ್ನೂ ಮರುದಿನ ಹಿಂದಿರುಗಿಸಿದೆ.

ಮೂರನೆಯ ಸಲ ಅವನಿಗೆ ರೇಗಿತು. ಇದ್ದಬದ್ದ ಲೈಟುಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಸೇತುವೆಯ ಆ ತುದಿಗೆ ಹೋಗಿ ನಿಂತ. ನಾನು ಈ ತುದಿಯಲ್ಲಿ, ಮಂಜುಗಡ್ಡೆ ಅಂಗಡಿಯ ನೆರಳಲ್ಲಿ. ನಡುಮಧ್ಯಾಹ್ನ, ರಸ್ತೆ ಬಿಳಿಚಿಕೊಂಡು ಉರಿಯುತ್ತಿತ್ತು. ನಾನು "ಹಚ್ಚು ಮಾವ!" ಎಂದು ಕೂಗುತ್ತೇನೆ, ಅವನು "ಹಚ್ಚಿ ಆಯ್ತಲ್ಲೋ!" ಎಂದು ಕೂಗುತ್ತಾನೆ. ಮಂಜುಗಡ್ಡೆಯವಳು ಸುತ್ತಿಗೆ ಹಿಡಿದವಳೇ, "ಅಲ್ಲಣ್ಣ, ಅಷ್ಟು ಚೆನ್ನಾಗಿ ಮಿನುಗ್ತಿದೆ, ನನಗೇ ಕಣ್ಣು ಕುಕ್ತಿದೆ!" ಎಂದಳು. ಇವರಿಬ್ಬರೂ ಸೇರಿ ಯಾವುದೋ ಕಳಪೆ ಮಾಲು ನನ್ನ ತಲೆಗೆ ಕಟ್ಟುತ್ತಿದ್ದಾರೆ ಅನ್ನಿಸಿ ನನಗೆ ಪಿತ್ತ ನೆತ್ತಿಗೇರಿತು. ಇದು ಮಂಕು, ಅದು ಮಬ್ಬು ಎನ್ನುತ್ತಲೇ ಹೋದೆ. ತಾಮ್ ಮಾವ ಬೆವರು ಸುರಿಸಿಕೊಂಡು ಬಂದು, "ಕುಣಿಯಕ್ಕೆ ಬಾರ್ದೋಳು ನೆಲ ಡೊಂಕು ಅಂದ್ಳಂತೆ. ಇದೇ ಕೊನೇದು, ನನ್ನ ಹತ್ರ ಇದಕ್ಕಿಂತ ಜೋರಾದ್ದು ಇಲ್ಲ" ಎಂದು ಮತ್ತೆ ಆ ತುದಿಗೆ ನಡೆದ. ಮಂಜುಗಡ್ಡೆ ಕೊಳ್ಳಲು ಬಂದವರೆಲ್ಲ ನಿಂತು ನೋಡುತ್ತಿದ್ದರು. ಕಂಡಿತು ಎಂದೆ. ಅದನ್ನೇ ಕೊಂಡು ತಂದು ಲುವಾಳ ಸೈಕಲ್ಲಿಗೆ ಬಿಗಿದೆ.

ಆಮೇಲೆ ಶುರುವಾಯಿತು ನೋಡು ಊರವರ ಉಪಕಾರ. ನಮ್ಮಲ್ಲಿ ಹಗಲು ಹೊತ್ತು ಯಾರದಾದರೂ ಗಾಡಿಯ ಲೈಟು ಉರಿಯುತ್ತಿದ್ದರೆ ಎದುರು ಬರುವವರಿಗೆ ಸಮಾಧಾನವೇ ಇರುವುದಿಲ್ಲವಲ್ಲ. ಮುಷ್ಟಿ ತೆರೆದು ಮುಚ್ಚಿ, ತೆರೆದು ಮುಚ್ಚಿ ತೋರಿಸಿದರೇ ಅವರಿಗೆ ಉಂಡ ಅನ್ನ ಅರಗುವುದು. ಮೊದಲ ದಿನ ಮನೆಯಿಂದ ಶಾಲೆಯವರೆಗೆ ಎಲ್ಲರೂ ಲುವಾಗೆ ಕೈ ತೋರಿಸಿದ್ದೇ ತೋರಿಸಿದ್ದು. "ಪುಟ್ಟೀ, ಲೈಟು!" "ಏ ಮಗಳೇ, ಲೈಟ್ ಆರಿಸೇ, ಬೆಳಗಾಗಿದೆ!" ಹೂವಿನ ಕುಂಡ ಸಾಗಿಸುವ ಮುದುಕನೊಬ್ಬ ಪಾಪ, ಗಾಡಿ ತಿರುಗಿಸಿಕೊಂಡು ಬೆನ್ನಟ್ಟಿ ಬಂದು ಹೇಳಿ ಹೋದನಂತೆ. ಶಾಲೆಯ ಹುಡುಗರು ಅವಳನ್ನು ಮಿಂಚುಹುಳ ಎಂದು ಕರೆಯತೊಡಗಿದರು. ಎರಡು ದಿನ ನಿನ್ನ ಮಗಳು ಗಲ್ಲಿ ತಿರುಗಿದ ಕೂಡಲೇ ಲೈಟು ಆರಿಸಿದಳು. ನನಗೆ ಗೊತ್ತಾಗಿ ಕೂಗಾಡಿದೆ. ಅವಳೂ ಕೂಗಿದಳು, ಥೇಟ್ ನಿನ್ನ ಗಂಟಲು. "ನೀನೇನಪ್ಪ, ಲಾರಿ ಒಳಗೆ ಕೂತಿರ್ತೀಯ. ಮಾನ ಹೋಗೋದು ನಂದು!"

ಬೈದು ಮುಗಿದ ಮೇಲೆ ನನಗೊಂದು ಮಾತು ಹೊಳೆಯಿತು, ಕೇಳು. ಲೈಟು ಆರಿಸು ಎಂದು ಕೈ ತೋರಿಸುವವನು ಅವಳನ್ನು ಕಂಡಿದ್ದಾನೆ. ಕಂಡವನು ಗುದ್ದುವುದಿಲ್ಲ. ಒಂದೊಂದು ಕೈಯೂ ಒಂದೊಂದು ಜೊತೆ ಕಣ್ಣು. "ನಾಳೆಯಿಂದ ಕೈ ಎಣಿಸ್ಕೊಂಡು ಬಾ" ಎಂದೆ. ಅಷ್ಟೇ ಸಾಕಾಯಿತು, ನಾಚಿಕೆ ಹೋಗಿ ಪಂದ್ಯವಾಯಿತು. ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಾ ಬರೆಯುತ್ತಾಳೆ: ಬುಧವಾರ ಮೂವತ್ತಾರು, ಗುರುವಾರ ನಲವತ್ತೊಂದು. ಊಟಕ್ಕೆ ಕೂತಾಗ ಯಾರು ಹೇಗೆ ಕೈ ಆಡಿಸಿದರು ಎಂದು ಅಭಿನಯ ಬೇರೆ. ಆ ನಾಲ್ಕು ದಿನ ನನಗೆ ನೆಮ್ಮದಿಯಿತ್ತು, ಲಿಯೂ. ಶುಕ್ರವಾರ ಶಾಲೆಯಿಂದ ಬರುವಾಗ ಇಟ್ಟಿಗೆಗೂಡಿನ ತಿರುವಿನಲ್ಲಿ ಒಂದು ಲಾರಿಯವನು ಮಾತ್ರ ಕೈ ತೋರಿಸಲಿಲ್ಲವಂತೆ. ತೋರಿಸುವುದಿರಲಿ, ರಸ್ತೆಯನ್ನೇ ಕೊಡಲಿಲ್ಲ, ಅವಳು ಸೈಕಲ್ಲನ್ನು ಹುಲ್ಲಿಗೆ ಇಳಿಸಬೇಕಾಯಿತು. ಪೆಟ್ಟೇನೂ ಆಗಿಲ್ಲ, ಗಾಬರಿಯಾಗಬೇಡ. ಆ ಲಾರಿಯ ಮಾತು ಸದ್ಯಕ್ಕೆ ಬಿಡು.

ಬೇರೆ ಏನು ಬರೆಯಲಿ? ಶನಿವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೀನು ಸಾರು ಎರಡು ಸಲ ಉಕ್ಕಿ ಒಲೆ ಆರಿತು. ನೀನು ಬರುವ ಹೊತ್ತಿಗೆ ಅರಳಲಿ ಎಂದು ಇಟ್ಟಿದ್ದ ಚೆಂಡುಹೂವಿನ ಕುಂಡವನ್ನು ಒದ್ದು ಬೀಳಿಸಿದೆ, ಲುವಾ ಅದನ್ನು ದಾರಿಗೆ ಅಡ್ಡ ಇಟ್ಟಿದ್ದಳು. ಬರುವ ಸೋಮವಾರ ಶಿಕ್ಷಕರ ದಿನ, ಟೀಚರಿಗೆ ಕೊಡಲು ಲುವಾಗೆ ಹಳದಿ ಸೇವಂತಿಗೆಯೇ ಬೇಕಂತೆ. ನೀನು ಹೊತ್ತಿಗೆ ಸರಿಯಾಗಿ ಊಟಮಾಡು. ಅಜ್ಜಿಗೆ ನನ್ನ ನಮಸ್ಕಾರ ತಿಳಿಸು, ಆಕೆಗೆ ತಿಳಿಯದಿದ್ದರೂ ಸರಿ. ಹಿರಿಯರ ಪೀಠಕ್ಕೆ ದಿನಾ ಊದುಬತ್ತಿ ಹಚ್ಚಿ ನಿನ್ನ ಹೆಸರು ಹೇಳುತ್ತಿದ್ದೇನೆ. ಅವರ ಕಣ್ಣು ನಿನ್ನ ಮೇಲಿರಲಿ.

ನಿನ್ನ,
ತ್ವಾನ್

ಮರೆತ ಮಾತು: ಹುಯೆ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಆ ಲಾರಿ ನನ್ನದು. ಲುವಾ ಎರಡು ಸಲ ಗಂಟೆ ಹೊಡೆದು, ಅಪ್ಪಾ ಎಂದು ಕೂಗಿದಳಂತೆ. ಎಂಜಿನ್ ಸದ್ದಿಗೆ ನನಗೆ ಕೇಳಿಸಲಿಲ್ಲ. ನಾನು ರಸ್ತೆಯನ್ನೇ ನೋಡುತ್ತಿದ್ದೆ, ನಿನ್ನಾಣೆ. ಬಿಸಿಲು ಕಂಡಿತು, ರಸ್ತೆ ಕಂಡಿತು, ಮಗಳು ಕಾಣಲಿಲ್ಲ. ಊಟಕ್ಕೆ ಕೂತಾಗ "ನೀನೊಬ್ಬನೇ ಕೈ ತೋರಿಸ್ಲಿಲ್ಲ, ನನ್ಮೇಲೆ ಸಿಟ್ಟಾ ಅಪ್ಪ?" ಎಂದು ಕೇಳಿದಳು. ತಮಾಷೆ ಮಾಡಿದೆ ಎಂದೆ, ನಂಬಿದಳು. ಸೇತುವೆಯ ಮೇಲೆ ಕೊನೆಯ ಲೈಟು ಕಂಡಿತು ಎಂದದ್ದೂ ಸುಳ್ಳು. ಅಷ್ಟು ಜನರೆದುರು ನಾಚಿಕೆಯಾಗಿ ಹಾಗೆಂದೆ. ಲಾರಿಯ ಕೀಲಿಕೈ ನಿನ್ನೆ ಮಾಲೀಕರಿಗೆ ಒಪ್ಪಿಸಿದೆ, ನಾಡಿದ್ದು ಕಣ್ಣಾಸ್ಪತ್ರೆಗೆ ಹೋಗುತ್ತೇನೆ. ಇನ್ನು ಮನೆ ನಿನ್ನೊಬ್ಬಳ ದುಡಿಮೆಯ ಮೇಲೆ ನಿಂತಿತು. ತೆತ್ ಹಬ್ಬಕ್ಕೆ ಬಾ ಎನ್ನುವ ಧೈರ್ಯ ನನಗಿಲ್ಲ, ಬರಬೇಡ ಎನ್ನಲು ಬಾಯಿ ಬರುತ್ತಿಲ್ಲ. ಇವತ್ತು ಬೆಳಿಗ್ಗೆ ನಡೆದುಕೊಂಡೇ ಹೋಗಿ ಅದೇ ತಿರುವಿನಲ್ಲಿ ನಿಂತಿದ್ದೆ. ಲುವಾ ಬಂದಾಗ ಕೈ ಎತ್ತಿ ಮುಷ್ಟಿ ತೆರೆದು ಮುಚ್ಚಿದೆ. "ಅಪ್ಪಂದೂ ಸೇರಿತು!" ಎಂದು ಕುಣಿದುಕೊಂಡು ಹೋದಳು. ನಾನು ಕೈ ಎತ್ತಿದ್ದು ಅವಳ ಗಂಟೆಯ ಸದ್ದು ಕೇಳಿ, ಲಿಯೂ.